ಬೈಗುಳಕ್ಕೆ ಅಂಜಿದ ಕಣ್ಣು

ಗಡಿಯಾರ ರಿಪೇರಿಯವನನ್ನು ಬೀದಿಯವರೆಲ್ಲ ಮುಳ್ಳಣ್ಣ ಎನ್ನುತ್ತಿದ್ದರು. ಗಡಿಯಾರದ ಮುಳ್ಳು ಕೂರಿಸುವುದರಲ್ಲಿ ಅವನದು ಎತ್ತಿದ ಕೈ, ನಾಲಿಗೆಯೂ ಮುಳ್ಳೇ. ನೀರು ಹೊಕ್ಕ ವಾಚನ್ನು ವಾರ ಬಿಟ್ಟು ತಂದವರಿಗೆ ಅವನ ಮಂಗಳಾರತಿ ತಪ್ಪಿದ್ದಲ್ಲ.

ಸಕ್ಕರೆ ಕಾಯಿಲೆಯಿಂದ ಎಡಗಣ್ಣಿನ ಒಳಪರದೆ ಊದಿಕೊಂಡಾಗ ಡಾಕ್ಟರು ಕಣ್ಣಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ಊತ ಇಳಿದು ನೋಟ ತಿಳಿಯಾಗಿತ್ತು. ಮುಂದೆ ಮಂಜು ಕವಿದರೆ, ಕಪ್ಪು ಚುಕ್ಕೆ ತೇಲಿದರೆ ಅದೇ ದಿನ ಬರಬೇಕೆಂದು ಅವರು ಹೇಳಿದ್ದಕ್ಕೆ ಮುಳ್ಳಣ್ಣ ಧಾರಾಳವಾಗಿ ತಲೆಯಾಡಿಸಿದ್ದ. ಆದರೆ ಕಸುಬೇ ಅವನಿಗೆ ಮುಳುವಾಯಿತು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿಕೊಂಡು ದಿನವಿಡೀ ಕೂರುವವನಿಗೆ ಮುಚ್ಚಿದ ಕಣ್ಣು ಮಂಜಾದದ್ದು ಹೇಗೆ ತಿಳಿಯಬೇಕು? ಸಂಜೆ ಹೊಗೆ ಹೊಗೆಯಾಗಿ ಕಂಡಾಗಲೂ ಇಂಜೆಕ್ಷನ್ನಿನದೇ ಇರಬೇಕು, ತಾನಾಗಿ ಹೋಗುತ್ತದೆ ಎಂದುಕೊಂಡ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ಎಡಗಡೆಯ ನೀರಿನ ಲೋಟವನ್ನು ಮೊಣಕೈಯಿಂದ ಉರುಳಿಸಿದ. ಹೆಂಡತಿ ಅವನ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು, ಎಷ್ಟು ಬೆರಳು ಎಂದು ಕೇಳಿದಳು. ಅವನು ಬೆರಳನ್ನು ತಡವಿ ಎಣಿಸಲು ಕೈ ಚಾಚಿದ.

"ಎಷ್ಟು ದಿನ ಆಯ್ತು ರೀ?"

"ಮೂರು ವಾರ ಇರಬಹುದು. ಈಗ ಹೋದ್ರೆ ಡಾಕ್ಟರು ಬೈತಾರೆ ಅಂತ..."

"ತಡವಾಗಿ ವಾಚು ತಂದೋರಿಗೆ ನೀವು ಬೈತೀರಲ್ಲ, ಹಾಗಾ? ಏಳಿ ಮೊದಲು."

ಡಾಕ್ಟರು ಬೈಯಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಊತ ಇಳಿಸುವ ಮದ್ದು ಸೋಂಕು ತಡೆಯುವ ಕಣ್ಣಿನ ಕಾವಲನ್ನೂ ಕೊಂಚ ತಗ್ಗಿಸುತ್ತದೆ, ಅಪರೂಪಕ್ಕೆ ಮೈಯೊಳಗೇ ಅಡಗಿದ್ದ ವೈರಸ್ಸು ಆಗ ತಲೆಯೆತ್ತುತ್ತದೆ ಎಂದು ವಿವರಿಸಿ, ಅಂದೇ ಅದಕ್ಕೆ ಮದ್ದು ಶುರು ಮಾಡಿದರು. ಸೋಂಕು ನಿಂತಿತು. ಹೋಗಿದ್ದ ಅರ್ಧ ನೋಟ ಮಾತ್ರ ಮರಳಲಿಲ್ಲ. ಬೇಗ ಬಂದಿದ್ದರೆ ಬಹುಶಃ ಉಳಿಯುತ್ತಿತ್ತೇನೋ.

ಮತ್ತೊಮ್ಮೆ ತಪಾಸಣೆಗೆ ಹೋದ ದಿನ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಮುದುಕಿ ಮಾತಿಗೆ ಸಿಕ್ಕಳು. ಅವಳಿಗೂ ಅದೇ ಇಂಜೆಕ್ಷನ್ ಆಗಿತ್ತು; ನಾಲ್ಕು ದಿನದಿಂದ ಕಣ್ಣು ಮಸುಕು. ಆದರೆ ಬಂದದ್ದು ಅಲ್ಲಿನ ಔಷಧಿ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳುವುದಕ್ಕಂತೆ. ಹೇಗೂ ಮುಂದಿನ ವಾರ ಬರಲು ಹೇಳಿದ್ದಾರೆ, ನಡುವೆ ಡಾಕ್ಟರ ಹತ್ತಿರ ಹೋಗಿ ಬೈಸಿಕೊಳ್ಳುವುದು ಯಾಕೆ ಎಂದಳು. ಅಷ್ಟರಲ್ಲಿ ಮುಳ್ಳಣ್ಣನ ನಂಬರು ಕೂಗಿದರು. ಅವನು ತನ್ನ ಸರದಿಯ ಚೀಟಿಯನ್ನು ಅವಳ ಕೈಗಿಟ್ಟ. ಮುದುಕಿ ಅನುಮಾನಿಸಿದಳು.

"ಎಡಗಣ್ಣಲ್ಲಿ ನೋಡಿದ್ರೆ ನಿಮ್ಮ ಮುಖ ಅರ್ಧವೇ ಕಾಣುತ್ತಮ್ಮ," ಎಂದ ಮುಳ್ಳಣ್ಣ ಮೆಲ್ಲಗೆ. "ಮಿಕ್ಕ ಅರ್ಧ ನಾನು ಬೈಗುಳಕ್ಕೆ ಹೆದರಿ ಕಳ್ಕೊಂಡದ್ದು."

ಮುದುಕಿ ಎದ್ದು ಒಳಗೆ ಹೋದಳು.