ಸೇತುರಾಮ ಆಚೆ ಹೋದರೆ ಗೋಲು

ಜಯನಗರದ ಸೇತುರಾಮನಿಗೆ ಮೊದಲಿನಿಂದಲೂ ಫುಟ್‌ಬಾಲ್ ಹುಚ್ಚು. ಆ ಕಡೆ ಬೆಳೆದವರಿಗೆ ಹಿಡಿಯುವ ಹುಚ್ಚಲ್ಲ ಅದು. ಅಲ್ಲಿ ಹುಡುಗರು ನಡೆಯಲು ಕಲಿಯುವ ಮುಂಚೆಯೇ ಬ್ಯಾಟು ಹಿಡಿಯುತ್ತಾರೆ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ತಂಡ ಕಟ್ಟಬೇಕೆಂದರೆ ಡ್ರಿಲ್ ಮೇಷ್ಟರು ಕಬಡ್ಡಿಯವರ ಕೈಕಾಲು ಹಿಡಿಯಬೇಕಾಗಿತ್ತು. ಹಾಗೆ ಕಟ್ಟಿದ ತಂಡಕ್ಕೆ ಗೋಲ್‌ಕೀಪರಾಗಿ ನಿಂತು, ಊರಿನ ಗೋಲುಗಳನ್ನೆಲ್ಲ ತಿಂದವನು ಸೇತುರಾಮ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ಅವನು ನಿವೃತ್ತನಾದರೂ ಹುಚ್ಚು ನಿವೃತ್ತವಾಗಲಿಲ್ಲ. ಅರ್ಜೆಂಟೀನಾದ ಹತ್ತನೇ ನಂಬರಿನ ಆಟಗಾರನ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಕೈಯಲ್ಲಿದ್ದ ಕಾಫಿ ಆರಿಹೋದದ್ದೂ ಇವನಿಗೆ ತಿಳಿಯುತ್ತಿರಲಿಲ್ಲ.

ಆ ಆಟಗಾರನಿಗೂ ವಯಸ್ಸಾಗಿತ್ತು. 2024ರ ಕೋಪಾ ಅಮೆರಿಕ ಟೂರ್ನಿಯೇ ಅವನ ಕೊನೆಯ ಕೋಪಾ ಇರಬಹುದು ಎಂದು ತಿಳಿದವರು ಮಾತಾಡಿಕೊಳ್ಳುತ್ತಿದ್ದರು. ಪಂದ್ಯಗಳು ನಡೆಯುವುದು ಅಮೆರಿಕದಲ್ಲಿ, ನಮ್ಮ ಬೆಳಗಿನ ಹೊತ್ತಿಗೆ. ಸೇತುರಾಮನ ಮನೆಯಲ್ಲಿ ಬೆಳಗಿನ ಟಿವಿ ಹೆಂಡತಿ ಸೀತಮ್ಮನದು. ಅಲ್ಲಿ ಸುಪ್ರಭಾತ, ಆಮೇಲೆ ದಿನಭವಿಷ್ಯ. ವರ್ಷಗಟ್ಟಲೆ ಫೋನಿನಲ್ಲಿ ಒಬ್ಬನೇ ನೋಡಿ ಅವನಿಗೆ ಸಾಕಾಗಿತ್ತು. ಈ ಒಂದು ಸಲವಾದರೂ ಗೆಳೆಯರ ನಡುವೆ ಕೂತು, ದೊಡ್ಡ ಪರದೆಯ ಮೇಲೆ ಆ ಹತ್ತನೇ ನಂಬರಿನವನನ್ನು ಕಣ್ತುಂಬ ನೋಡಬೇಕು. ಇದ್ದ ಆಸೆ ಇಷ್ಟೇ, ಅದೇನು ದೊಡ್ಡ ಆಸೆಯಲ್ಲ.

ಗೆಳೆಯರು ಇಬ್ಬರು, ಇಬ್ಬರೂ ಹೈಸ್ಕೂಲಿನ ಕಾಲದವರು. ಒಬ್ಬ ಜಯಸಿಂಹ, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದವನು. ಯಾವ ಮಾತಿಗೂ ಆಧಾರ ಕೇಳುವ ಜಾತಿ. ಇನ್ನೊಬ್ಬ ಕೋಣನಕುಂಟೆಯ ಚಿಕ್ಕಬೈರಪ್ಪ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಗ ನಾಲ್ಕು ಮಹಡಿ ಬೆಳೆದಿದ್ದ. ಆ ವರ್ಷ ಏಪ್ರಿಲ್‌ನಲ್ಲಿ ಡಾಕ್ಟರು ಜಯಸಿಂಹನ ಹೊಟ್ಟೆ ನೋಡಿ ಬೆಟ್ಟಗಿಟ್ಟ ಹತ್ತಿ ಎಂದಿದ್ದೇ ನೆಪವಾಗಿ, ಮೂವರೂ ಭಾನುವಾರ ಭಾನುವಾರ ಹೊರಡತೊಡಗಿದರು. ತುರಹಳ್ಳಿ ಕಾಡಿನ ಬಂಡೆಗಳಲ್ಲಿ ಚಿಕ್ಕಬೈರಪ್ಪ ಚಿಕ್ಕಂದಿನಲ್ಲಿ ದನ ಮೇಯಿಸಿದ್ದನಾದ್ದರಿಂದ ಅವನೇ ಗೈಡು. ಸಾವನದುರ್ಗದಲ್ಲಿ ಅರ್ಧ ಹತ್ತಿದ ಜಯಸಿಂಹ ಮೇಲಕ್ಕೂ ಹೋಗಲಾರದೆ, ಕೆಳಕ್ಕೂ ಇಳಿಯಲಾರದೆ, ಕೊನೆಗೆ ಕೂತುಕೊಂಡೇ ಜಾರಿ ಬಂದು ಪ್ಯಾಂಟಿನ ಹಿಂಭಾಗವನ್ನು ಬೆಟ್ಟಕ್ಕೆ ಅರ್ಪಿಸಿದ. ಚಿಕ್ಕಬೈರಪ್ಪನ ಹೆಂಡತಿ ಲಕ್ಷ್ಮಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ಕೋತಿಗಳು ಡಬ್ಬಿಸಮೇತ ಒಯ್ದವು. ಹೀಗೆ ಬಂಡೆಯ ಮೇಲೆ ಕೂತು ಸುಧಾರಿಸಿಕೊಳ್ಳುವಾಗಲೆಲ್ಲ ಸೇತುರಾಮ ಇಬ್ಬರಿಗೂ ಫುಟ್‌ಬಾಲ್ ಕಥೆ ಹೇಳಿ ಹೇಳಿ, ಜೂನ್ ಹೊತ್ತಿಗೆ ಅವರನ್ನು ಅರ್ಜೆಂಟೀನಾದ ಪರಮ ಭಕ್ತರನ್ನಾಗಿ ಮಾಡಿಬಿಟ್ಟ. ಮುಂದೆ ತನಗೇನು ಕಾದಿದೆ ಎಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದನೋ ಏನೋ.

ಮೊದಲ ಪಂದ್ಯದ ದಿನ ಚಿಕ್ಕಬೈರಪ್ಪನ ನೆಲಮಹಡಿಯ ಹಾಲಿನಲ್ಲಿ ಮೂವರೂ ಸೇರಿದರು. ಗೋಡೆ ತುಂಬುವಂಥ ಟಿವಿ. ಮೇಲಿನ ಮನೆಯ ಬಾಡಿಗೆದಾರರೊಬ್ಬರು ಅದೇನೋ ಜೋಡಿಸಿಕೊಟ್ಟಿದ್ದರಿಂದ ಆಟ ಬರುತ್ತಿತ್ತು, ವಿವರಣೆ ಮಾತ್ರ ಪೂರಾ ಸ್ಪ್ಯಾನಿಷ್. ಅರ್ಧ ಆಟ ಮುಗಿದರೂ ಗೋಲಿಲ್ಲ. ಕಾಫಿಗೆ ಹಾಲು ಸಾಲದಾಗಿ, ಬಾಗಿಲ ಹತ್ತಿರ ಕೂತಿದ್ದ ಸೇತುರಾಮ ಬೂತಿಗೆ ಹೋಗಿ ಬಂದ. ಬರುವಷ್ಟರಲ್ಲಿ ಅರ್ಜೆಂಟೀನಾ ಒಂದು ಗೋಲು ಹೊಡೆದಿತ್ತು. ಆಮೇಲೆ ಅವನು ಅಲುಗದೆ ಕೂತ, ಏನೂ ಆಗಲಿಲ್ಲ. ಇನ್ನೇನು ಆಟ ಮುಗಿಯಬೇಕು ಅನ್ನುವಾಗ ಸೀತಮ್ಮ ಫೋನ್ ಮಾಡಿ ಗ್ಯಾಸ್ ಸಿಲಿಂಡರ್ ವಿಚಾರ ತೆಗೆದಳು. ಒಳಗೆ ಕೇಳಿಸದೆಂದು ಗೇಟಿನ ಹತ್ತಿರ ಹೋದ. ಒಳಗೆ ಇನ್ನೊಂದು ಗೋಲು.

ಎರಡನೇ ಪಂದ್ಯದಲ್ಲಿ ಇನ್ನೇನು ಸಮಯ ಮುಗಿಯಬೇಕು, ಎರಡೂ ಕಡೆ ಸೊನ್ನೆ. ಜಯಸಿಂಹ ಕನ್ನಡಕ ತೆಗೆದು ಸೇತುರಾಮನನ್ನೇ ನೋಡಿದ.

"ಸೇತು, ಒಂದ್ಸಲ ಆಚೆ ಹೋಗ್ ಬಾ."

"ಯಾಕೋ?"

"ಹೋಗ್ ಬಾರೋ, ಹೇಳ್ತೀನಿ."

ತಮಾಷೆಗೆಂದು ಎದ್ದ ಸೇತುರಾಮ ಎಡಗಾಲಿನ ಚಪ್ಪಲಿ ಮೆಟ್ಟಿ ಬಲಗಾಲಿನದಕ್ಕೆ ತಡಕುತ್ತಿರುವಾಗಲೇ ಒಳಗಿನಿಂದ ಚೀರಾಟ ಕೇಳಿತು. ಅರ್ಜೆಂಟೀನಾ ಒಂದು ಗೋಲು ಹೊಡೆದು ಗೆದ್ದಿತ್ತು.

"ಇದೇನು ಮೂಢನಂಬಿಕೆ ಅಲ್ಲ ಕಣೋ," ಎಂದು ಜಯಸಿಂಹ ಆಮೇಲೆ ಸಮಾಧಾನವಾಗಿ ವಿವರಿಸಿದ. "ಡೇಟಾ. ನೀನು ಒಳಗಿದ್ದಾಗ ಒಂದೂ ಇಲ್ಲ. ಬಿದ್ದ ಮೂರೂ ನೀನು ಆಚೆ ಇದ್ದಾಗ. ನಾನೇನ್ ಮಾಡ್ಲಿ, ಹೇಳು."

"ಕಾಕತಾಳೀಯ ಅನ್ನೋದೊಂದಿದೆ ಜಯಸಿಂಹ. ನೀನು ಓದಿರೋನು."

"ನೋಡು ಸೇತು, ನಂಗೆ ಡೇಟಾಗೀಟಾ ಗೊತ್ತಿಲ್ಲ," ಎಂದ ಚಿಕ್ಕಬೈರಪ್ಪ. "ನಮ್ಮಪ್ಪ ಬಿತ್ತನೆಗೆ ಹೊಂಟಾಗ ಯಾರು ಎದುರಿಗೆ ಬಂದ್ರೆ ಮಳೆ ಆಯ್ತದೆ ಅಂತ ನೋಡಿಟ್ಕೊಂಡಿದ್ದ. ಅಂಗೇ ಇದು. ನಿನ್ ಕಾಲ್ಗುಣ ಆಚೆ ಕಡೆ ಐತೆ. ಬೇಜಾರ್ ಮಾಡ್ಕಬೇಡ."

ಬೇಜಾರಾಗದೆ ಇರುತ್ತದೆಯೇ? ಫುಟ್‌ಬಾಲ್ ಎಂದರೆ ಚೆಂಡೋ ಬುಗುರಿಯೋ ತಿಳಿಯದಿದ್ದವರನ್ನು ಕೈಹಿಡಿದು ಕರೆತಂದವನು ಇವನು. ಈಗ ಅವರು ಸೋಫಾದಲ್ಲಿ, ಇವನು ಬೀದಿಯಲ್ಲಿ. ಆದರೂ ಹೋದ. ಮೂರನೇ ಪಂದ್ಯವನ್ನು ಚಿಕ್ಕಬೈರಪ್ಪನ ಮೊಮ್ಮಗನ ಸೈಕಲ್ ಹತ್ತಿ ಕೋಣನಕುಂಟೆಯ ಬೀದಿಗಳಲ್ಲಿ ಕಳೆದ. ಎರಡು ನಾಯಿಗಳು ಅಟ್ಟಿಸಿಕೊಂಡು ಬಂದವು, ಅರ್ಜೆಂಟೀನಾ ಎರಡು ಗೋಲು ಹೊಡೆಯಿತು. ಕ್ವಾರ್ಟರ್ ಫೈನಲ್ ದಿನ ಸಮಯ ಮುಗಿದಿರುತ್ತದೆಂದು ಲೆಕ್ಕ ಹಾಕಿ ಒಳಗೆ ಇಣುಕಿದ. ಇನ್ನೂ ಒಂದೆರಡು ನಿಮಿಷ ಬಾಕಿಯಿತ್ತು, ಇವನು ಇಣುಕಿದ್ದೇ ಎದುರಾಳಿಗಳು ಗೋಲು ಹೊಡೆದು ಸಮ ಮಾಡಿಕೊಂಡರು. ಚಿಕ್ಕಬೈರಪ್ಪ ಅವನನ್ನು ಎರಡೂ ರಟ್ಟೆ ಹಿಡಿದು ಆಚೆ ಬಿಟ್ಟು ಬಾಗಿಲು ಹಾಕಿಕೊಂಡ ಮೇಲೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಬಚಾವಾಯಿತು. ಇದಾದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ.

ಸೆಮಿಫೈನಲ್‌ಗೆ ಅವನನ್ನು ತುರಹಳ್ಳಿಗೇ ಗಡಿಪಾರು ಮಾಡಿದರು. ಬಂಡೆಯ ಮೇಲೆ ಒಬ್ಬನೇ ಕೂತಿದ್ದವನನ್ನು ಕಾಡಿನ ವಾಚರ್ ಬಂದು ವಿಚಾರಿಸಿದ.

"ಏನ್ ಸಾರ್, ಇಷ್ಟ್ ಬೆಳಿಗ್ಗೆ ಒಬ್ರೇ ಏನ್ ಮಾಡ್ತಿದ್ದೀರಾ?"

"ಅರ್ಜೆಂಟೀನಾನ ಗೆಲ್ಲಿಸ್ತಿದ್ದೀನಿ."

ವಾಚರ್ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮನೆಯವರ ಫೋನ್ ನಂಬರ್ ಇದೆಯೇ ಎಂದು ಮೆತ್ತಗೆ ಕೇಳಿದ.

ಆ ದಿನ ಹತ್ತನೇ ನಂಬರಿನವನೇ ಒಂದು ಗೋಲು ಹೊಡೆದ. ಇಡೀ ಟೂರ್ನಿಯಲ್ಲಿ ಅವನು ಹೊಡೆದದ್ದು ಅದೊಂದೇ. ಆಮೇಲೆ ಮೊಬೈಲಿನಲ್ಲಿ ನೋಡಿದರಾಯಿತು ಎಂದು ಜಯಸಿಂಹ ಹೇಳಿದ. ಮೊಬೈಲಿನಲ್ಲಿ ನೋಡುವುದೆಂದರೆ ಮದುವೆ ಊಟದ ಫೋಟೋ ನೋಡಿದ ಹಾಗೆ, ಹೊಟ್ಟೆ ತುಂಬುತ್ತದೆಯೇ? ಸೇತುರಾಮ ಸ್ಕೂಟರ್ ಹತ್ತಿ ಮನೆಗೆ ಹೋದ.

ಫೈನಲ್ ಸೋಮವಾರ ಬೆಳಿಗ್ಗೆ. ಜಯಸಿಂಹ ಪಂಚಾಂಗ ನೋಡಿ ಬಂದಿದ್ದ.

"ರಾಹುಕಾಲ ಏಳೂವರೆಯಿಂದ ಒಂಬತ್ತರ ತನಕ. ಆಟ ಐದೂವರೆಗೇ ಶುರುವಾಗತ್ತೆ, ಅದಕ್ಕೆ ಮುಂಚೆನೇ ಮುಗಿದಿರತ್ತೆ. ಎಲ್ಲಾ ಸರಿಯಾಗಿದೆ. ಸೇತು, ನೀನು ತುರಹಳ್ಳಿಗೆ ಹೊರಡು."

"ಫೋನ್ ಕೊಟ್ಟು ಹೋಗು," ಎಂದ ಚಿಕ್ಕಬೈರಪ್ಪ. "ಕದ್ದು ನೋಡಿದ್ರೆ ಕಷ್ಟ. ಬನಶಂಕರಮ್ಮನ ಆಣೆ ಮಾಡು."

ಅರವತ್ತು ದಾಟಿದ ಮನುಷ್ಯ ಬನಶಂಕರಿಯ ಆಣೆ ಮಾಡಿದ. ಫೋನನ್ನು ಲಕ್ಷ್ಮಮ್ಮ ಅಕ್ಕಿ ಡಬ್ಬದೊಳಗೆ ಇಟ್ಟಳು.

ತುರಹಳ್ಳಿಯಲ್ಲಿ ಸೇತುರಾಮ ಕಣ್ಣು ಮುಚ್ಚಿಕೊಂಡು ಇಡೀ ಪಂದ್ಯವನ್ನು ತಾನೇ ಆಡಿಸಿದ. ಏಳೂವರೆ ಆಯಿತು. ಹೆಚ್ಚುವರಿ ಆಟಕ್ಕೂ ಪೆನಾಲ್ಟಿಗೂ ಸಮಯ ಬಿಟ್ಟ. ಕಪ್ಪು ಕೊಡುವುದಕ್ಕೂ ಬಿಟ್ಟ. ಬಿಸಿಲು ಚುರುಗುಟ್ಟಿದ ಮೇಲೆ ಎದ್ದು, ಗೆದ್ದಿದ್ದರೂ ಸೋತಿದ್ದರೂ ಇನ್ನು ಒಳಗೆ ಕೂರಬಹುದು, ಬಹುಮಾನ ಕೊಡುವುದನ್ನಾದರೂ ತಿರುಗಿಸಿ ಹಾಕಿಸಿ ನೋಡಬಹುದು ಎಂಬ ಸಂತೋಷದಲ್ಲಿ ಕೋಣನಕುಂಟೆಗೆ ಬಂದು ಬಾಗಿಲು ತಳ್ಳಿದ.

ಪರದೆಯ ಮೇಲೆ ಪಟಾಪಟಿ ಅಂಗಿಯ ಹತ್ತನೇ ನಂಬರಿನವನು ಹುಲ್ಲಿನ ಮೇಲೆ ಬಿದ್ದಿದ್ದ.

ಸೇತುರಾಮನಿಗೆ ಮೊದಲು ಅರ್ಥವಾಗಲಿಲ್ಲ. ಆಟ ಇನ್ನೂ ನಡೆಯುತ್ತಿದೆ ಎಂದು ಒಂದು ಗಳಿಗೆ ಖುಷಿಯೇ ಆಯಿತು. ಅಷ್ಟರಲ್ಲಿ ಆ ಆಟಗಾರ ಎದ್ದು, ಕುಂಟುತ್ತ ಆಚೆ ಹೋಗಿ, ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಪಾದ ಊದಿಕೊಂಡಿತ್ತು. ಸೋಫಾದಲ್ಲಿದ್ದ ಇಬ್ಬರೂ ತಿರುಗಿ ಸೇತುರಾಮನನ್ನು ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅಲ್ಲಿ ಗೇಟಲ್ಲಿ ಜನ ನುಗ್ಗಿ ಗಲಾಟೆ ಆಯ್ತಂತೆ," ಎಂದ ಜಯಸಿಂಹ ನೆಲ ನೋಡುತ್ತ. "ಒಂದು ಗಂಟೆ ಮೇಲೆ ತಡ ಆಯ್ತು ಶುರುವಾಗೋದು. ನಿಂಗೆ ಹೇಳೋಣ ಅಂದ್ರೆ ಫೋನ್ ಅಕ್ಕಿಲಿತ್ತು."

ಸೇತುರಾಮ ಬಂದ ಹಾಗೆಯೇ ಆಚೆ ಹೋದ. ಮುಂದಿನ ಮೆಟ್ಟಿಲ ಮೇಲೆ ಲಕ್ಷ್ಮಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. ಅವಳ ಪಕ್ಕ ಕುಸಿದು ಕೂತ. ತಾನು ಮೆಕ್ಯಾನಿಕ್ಸ್ ಪಾಠ ಹೇಳಿದವನು, ಕೋಣನಕುಂಟೆಯ ಬಾಗಿಲು ತಳ್ಳಿದ್ದಕ್ಕೂ ಅಮೆರಿಕದಲ್ಲಿ ಕಾಲು ಉಳುಕಿದ್ದಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಒಂದು ತಿಂಗಳು ನಾಯಿ ಕೈಲಿ, ವಾಚರ್ ಕೈಲಿ ಸಿಕ್ಕಿಹಾಕಿಕೊಂಡು ಕಾದಿದ್ದಕ್ಕೆ ಅವನಿಗೆ ಕೊನೆಗೂ ನೋಡಲು ಸಿಕ್ಕಿದ್ದು ಆ ಆಟಗಾರ ಅಳುವುದು.

"ಲಕ್ಷ್ಮಮ್ಮ, ನನ್ನಿಂದ ಹೀಗಾಯ್ತು ಅಂತೀರಾ?"

"ಸುಮ್ನಿರಿ ಸೇತಣ್ಣ. ರಾಹುಕಾಲದಲ್ಲಿ ಆಡಿದ್ರೆ ಕಾಲು ಉಳುಕ್ದೆ ಇನ್ನೇನಾಯ್ತದೆ? ಒಂಬತ್ತಾಗ್ಲಿ, ಎಲ್ಲಾ ಸರಿ ಹೋಯ್ತದೆ," ಎಂದು ಅವಳು ಒಂದಷ್ಟು ಹುರುಳಿಕಾಯಿಯನ್ನು ಅವನ ಮುಂದೆಯೂ ಹಾಕಿದಳು.

ಒಳಗೆ ಸೊನ್ನೆಗೆ ಸೊನ್ನೆಯಾಗಿ ಹೆಚ್ಚುವರಿ ಆಟ ಶುರುವಾಯಿತು. ಅದರಲ್ಲೂ ಸುಮಾರು ಹೊತ್ತು ಏನೂ ಆಗಲಿಲ್ಲ. ಬಾಗಿಲು ತೆರೆದು ಚಿಕ್ಕಬೈರಪ್ಪ ಬಂದ.

"ಲೋ ಸೇತು, ಒಳಗೆ ಬಾ."

"ಬೇಡ ಬೈರ. ನೀವು ನೋಡಿ."

"ಬಾರೋ ಅಂದ್ರೆ. ಸೋತ್ರೆ ಸೋಲ್ಲಿ. ಯಾವನಿಗ್ ಬೇಕು. ನೀನ್ ಇಲ್ಲಿ ಕಾಯಿ ಮುರೀತಾ ಕೂತಿದ್ರೆ ನಂಗೆ ಒಳಗೆ ಕೂರಕ್ಕಾಯ್ತಿಲ್ಲ."

ತಿಂಗಳಿಂದ ಕಾದಿದ್ದ ಮಾತು ಕೊನೆಗೂ ಬಂದಿತ್ತು. ಈಗ ನೋಡಿದರೆ ಸೇತುರಾಮನೇ ಏಳಲಿಲ್ಲ.

"ನಾನು ಬಂದು ಅವರು ಸೋತ್ರೆ, ಆ ಮನುಷ್ಯನ ಮುಖ ನಾನು ಹೇಗೋ ನೋಡ್ಲಿ? ಬರಲ್ಲ ಕಣೋ. ನಂಗೂ ಭಯ ಆಗ್ತಿದೆ."

ಕಾಕತಾಳೀಯ ಎಂದು ವಾದ ಮಾಡಿದ್ದವನೇ ಹೀಗೆ ಶರಣಾದದ್ದು ಕಂಡು ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ ಅವನ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಜಯಸಿಂಹನೂ ಬಂದ. ಒಬ್ಬನೇ ಕೂತು ನೋಡೋದು ಸ್ಮಶಾನ ಕಾದ ಹಾಗಿದೆ ಎಂದು ಗೊಣಗಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಗೆ ಕೈ ಹಾಕಿದ. ಸೇತುರಾಮ ತನ್ನ ಪಾಲಿನ ಅರ್ಧವನ್ನು ಅವನ ಕಡೆ ಸರಿಸಿದ.

ಒಳಗೆ ಸ್ಪ್ಯಾನಿಷ್‌ನವನು ಇದ್ದಕ್ಕಿದ್ದಂತೆ ಗೋಲ್ ಎಂದು ಕೂಗಲು ಹಿಡಿದ. ಉಸಿರು ಬಿಡದೆ ಕೂಗುತ್ತಲೇ ಇದ್ದ. ಯಾರು ಹೊಡೆದರೂ ಆ ಪುಣ್ಯಾತ್ಮ ಕೂಗುವುದು ಹಾಗೆಯೇ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಯಾರೂ ಏಳಲಿಲ್ಲ.

"ಲಕ್ಷ್ಮೀ, ನೀನ್ ಹೋಗ್ ನೋಡೇ," ಎಂದ ಚಿಕ್ಕಬೈರಪ್ಪ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

"ಯಾರು ಹೊಡ್ದಿದ್ದು?"

"ನಂಗೇನ್ ಗೊತ್ತು. ಪಟಾಪಟಿ ಅಂಗಿಯೋರು ಒಬ್ರ ಮೇಲೊಬ್ರು ಬಿದ್ದವ್ರೆ."

"ಜಗಳಾನಾ, ಸಂತೋಷಾನಾ?" ಎಂದ ಜಯಸಿಂಹ.

"ಮುತ್ತು ಕೊಡ್ತಾವ್ರೆ. ಹಳದಿಯೋರು ತಲೆ ಮೇಲೆ ಕೈ ಹೊತ್ಕೊಂಡವ್ರೆ."

"ಹತ್ತನೇ ನಂಬರು?" ಸೇತುರಾಮನ ದನಿ ಒಡೆದಿತ್ತು. "ಬೆಂಚ್ ಮೇಲೆ ಕೂತಿದ್ದನಲ್ಲ, ಅವನು ಏನ್ ಮಾಡ್ತಿದ್ದಾನೆ ನೋಡಿ."

ಒಳಗೆ ಲಕ್ಷ್ಮಮ್ಮ ಟಿವಿಯ ಹತ್ತಿರಕ್ಕೆ ಹೋದ ಸದ್ದಾಯಿತು.

"ಕುಂಟ್ಕೊಂಡೇ ಕುಣೀತಾವ್ನೆ, ಸೇತಣ್ಣ. ನಗ್ತಾವ್ನೆ."

ಸೇತುರಾಮ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತೇಬಿಟ್ಟ. ಚಿಕ್ಕಬೈರಪ್ಪ ಅವನ ಬೆನ್ನ ಮೇಲೆ ಕೈ ಇಟ್ಟ. ಇನ್ನೂ ಆಟ ಮುಗಿದಿರಲಿಲ್ಲವಾದ್ದರಿಂದ ಮೂವರೂ ಜಾಗ ಬಿಟ್ಟು ಕದಲಲಿಲ್ಲ. ಒಳಗಿನಿಂದ ಲಕ್ಷ್ಮಮ್ಮ ಒಂದೊಂದೇ ವರದಿ ಒಪ್ಪಿಸುತ್ತಿದ್ದಳು. ಕೊನೆಗೆ ಮುಗೀತು ಬನ್ನಿ ಎಂದು ಕರೆದ ಮೇಲೂ, ಸರಿಯಾಗಿ ಮುಗೀತಾ ಎಂದು ಎರಡು ಸಲ ಕೇಳಿಯೇ ಒಳಗೆ ಹೋದರು.

ಒಳಗೆ ಸೋಫಾದ ನಡುವಿನ ಜಾಗದಲ್ಲಿ ಕೂತಿದ್ದವಳು ಲಕ್ಷ್ಮಮ್ಮ. ಎದ್ದು ಜಾಗ ಬಿಡುವ ಲಕ್ಷಣ ಕಾಣಲಿಲ್ಲ. ಜಯಸಿಂಹ ಬಾಗಿಲಲ್ಲೇ ನಿಂತು ಯೋಚನೆಗೆ ಬಿದ್ದಿದ್ದ.

"ಇವತ್ತು ನಾವಿಬ್ರು ಒಳಗಿದ್ದಾಗ ಗೋಲಿಲ್ಲ," ಎಂದ ನಿಧಾನವಾಗಿ. "ಮೂರು ಜನಾನೂ ಆಚೆ ಬಂದಾಗ ಬಿತ್ತು. ಅಂದ್ರೆ, ಡೇಟಾ ಪ್ರಕಾರ..."

ಎರಡು ವರ್ಷದಲ್ಲಿ ವಿಶ್ವಕಪ್ ಇತ್ತು. ಅದಕ್ಕೆಂದೇ ಇನ್ನೂ ದೊಡ್ಡ ಟಿವಿ ತರಬೇಕೆಂದಿದ್ದ ಚಿಕ್ಕಬೈರಪ್ಪ ಹೆಂಡತಿಯ ಮುಖ ನೋಡಿದ.

"ತನ್ನಿ, ತನ್ನಿ," ಎಂದಳು ಲಕ್ಷ್ಮಮ್ಮ, ಕಾಲು ಮೇಲೆ ಎತ್ತಿಟ್ಟುಕೊಳ್ಳುತ್ತ. "ನಾನ್ ನೋಡಿ ಹೇಳ್ತೀನಿ, ನೀವು ಆಚೆ ಕೂತ್ಕೊಂಡು ತರಕಾರಿ ಬಿಡಿಸ್ಕೊಡಿ. ಸೇತಣ್ಣ, ಬನ್ನಿ ಇಲ್ಲಿ, ಈ ಆಟ ಏನು ಅಂತ ಇವತ್ತಿಂದ್ಲೇ ನಂಗೆ ಹೇಳ್ಕೊಡಿ."