ಕೆಂಪು ದಾರದ ಕಂಬಳಿ

"ಕೈ ಬಿಡೇ ಮುದುಕಿ! ಫೋಟೋ ಆಯ್ತಲ್ಲ, ಇನ್ನೇನು ಕಂಬಳೀನೇ ಮದ್ವೆ ಆಗ್ತೀಯಾ?"

ಪಟ್ಟಿ ಸಾಹೇಬ ಕಂಬಳಿಯ ಒಂದು ತುದಿ ಹಿಡಿದು ಎಳೆದ. ಇನ್ನೊಂದು ತುದಿ ಸೋಪಜ್ಜಿಯ ಮುಷ್ಟಿಯಲ್ಲಿತ್ತು. ನೆರೆ ಬಂದ ಮೇಲೆ ಶಾಲೆ ಪರಿಹಾರ ಕೇಂದ್ರವಾಗಿತ್ತು. ಯಾರಿಗೆ ಏನು ಎಂಬ ಪಟ್ಟಿ ಅವನ ಕೈಯಲ್ಲಿದ್ದುದರಿಂದ ಅವನಿಗೆ ಆ ಹೆಸರು. ಮೂವತ್ತು ವರ್ಷ ಲಾಡ್ಜಿನ ಬಟ್ಟೆ ಒಗೆದದ್ದರಿಂದ ಅವಳಿಗೆ ಈ ಹೆಸರು.

"ಅಕ್ಕಂಗೆ ಜ್ವರ ಸ್ವಾಮಿ. ಬರೀ ನೆಲದ ಮೇಲೆ ನಡುಗ್ತಾ ಮಲ್ಗಿದಾಳೆ."

"ನಂಬರ್ ಹಾಕ್ಬೇಕು. ಸಂಜೆ ಎಲ್ರಿಗೂ ಕೊಡ್ತೀವಿ. ನಡಿ, ನಡಿ."

ಸಂಜೆ ಬಂತು, ಕಂಬಳಿ ಬರಲಿಲ್ಲ.

ಕೈಲಾಗದ ವೃದ್ಧರಿಗೆಂದೇ ಶಾಲೆಯಲ್ಲಿ ವಿಶೇಷ ಕೊಠಡಿ ಮಾಡಿದ್ದರು. ಎಲ್ಲಿ ಅಂತೀರಿ? ಮಹಡಿಯ ಮೇಲೆ! ಇಪ್ಪತ್ತಾರು ಮೆಟ್ಟಿಲು. ಕಕ್ಕಸು ಕೆಳಗೆ, ನೀರು ಕೆಳಗೆ. ಕೆಳಗಿನ ಕೋಣೆಗಳು ಅಧಿಕಾರಿಗಳ ಊಟಕ್ಕೆ ಬೇಕಾಗಿದ್ದವಂತೆ. ಅಕ್ಕನಿಗೆ ಒಂದು ಪಕ್ಕ ಸ್ವಾಧೀನವಿಲ್ಲ. ನಾಲ್ವರು ಬೆಂಚಿನ ಮೇಲೆ ಹೊತ್ತು ತಂದು ಮೇಲೆ ಹಾಕಿ ಹೋದವರು ಮತ್ತೆ ತಿರುಗಿ ನೋಡಲಿಲ್ಲ. ಕಂಬಳಿ ಬೇಕಾದವರು ಕೆಳಗಿಳಿದು ಬರಬೇಕೆಂಬ ನಿಯಮವನ್ನು ಮಾತ್ರ ಮರೆಯದೆ ಮಾಡಿದ್ದರು. ತನಗೆ ಎಂಟು ವರ್ಷವಿದ್ದಾಗ ಕೈಗೆ ಮೊದಲ ಸೋಪು ಕೊಟ್ಟ ಅಕ್ಕ ಹಲ್ಲು ಕಟಕಟಿಸುವುದನ್ನು ಕೇಳುತ್ತ ಸೋಪಜ್ಜಿ ರಾತ್ರಿಯಿಡೀ ಅವಳ ಅಂಗಾಲು ಉಜ್ಜಿದಳು.

ಮರುದಿನ ಇನ್ಯಾರೋ ದೊಡ್ಡವರು ಬಂದರು. ಈ ಸಲ ಬುಟ್ಟಿ ಹೆಣೆಯುವ ತಾತನ ಸರದಿ. ಅವನ ಹೆಗಲ ಮೇಲೆ ಕೂತ ಕಂಬಳಿಯ ಮೂಲೆಯಲ್ಲಿ ಕೆಂಪು ದಾರದ ಮೂರು ಹೊಲಿಗೆ ಕಂಡವು. ಸೋಪಜ್ಜಿ ಹತ್ತಿರ ಹೋಗಿ ಬೆರಳಾಡಿಸಿದಳು. ಅವಳದೇ ಗುರುತು. ಒಬ್ಬರ ಬಟ್ಟೆ ಇನ್ನೊಬ್ಬರದರಲ್ಲಿ ಸೇರಬಾರದೆಂದು ಒಗೆಯಲು ಬಂದದ್ದಕ್ಕೆಲ್ಲ ಅವಳು ಗುರುತು ಹಾಕುವವಳು. ಸೂಜಿ ದಾರ ಸದಾ ಸೆರಗಿನಲ್ಲಿ. ನಿನ್ನೆ ಫೋಟೋದವನಿಗೆ ಕಾಯುತ್ತ ಕೂತಾಗ ಸುಮ್ಮನಿರಲಾರದ ಕೈ ತನ್ನಷ್ಟಕ್ಕೆ ತಾನೇ ಹೊಲಿದಿತ್ತು.

"ತಾತ, ಇದು ನಿನ್ನೆ ನಂಗೆ ಕೊಟ್ಟಿದ್ದೇ ಕಂಬಳಿ."

"ಥೂ, ಸೂಳೆಮಕ್ಳಾ! ಹೊದಿಸಿದ್ದನ್ನೇ ಕಿತ್ತು ಹೊದಿಸ್ತಾ ಇದಾರಾ?"

ಪಟ್ಟಿ ಸಾಹೇಬ ಅವಳನ್ನು ಪಕ್ಕಕ್ಕೆ ಕರೆದ. "ಬಂದಿರೋದೇ ಹನ್ನೆರಡು. ಉಳಿದದ್ದು ಲಾರೀಲಿ ಬರ್ತಾ ಇದೆ. ಬಾಯಿ ಮುಚ್ಕೊಂಡಿದ್ರೆ ಸರಿ, ಇಲ್ಲಾಂದ್ರೆ ನಿಂದೂ ನಿಮ್ಮಕ್ಕಂದೂ ಹೆಸರು ಹೊಡೆದು ಹಾಕ್ತೀನಿ. ಆಮೇಲೆ ಕೂಳಿಗೂ ಗತಿ ಇರಲ್ಲ."

ಆ ಲಾರಿ ಯಾವ ಲೋಕದಿಂದ ಹೊರಟಿತ್ತೋ! ಆ ರಾತ್ರಿ ಸೋಪಜ್ಜಿ ತನ್ನ ಸೀರೆ ಬಿಚ್ಚಿ ಅಕ್ಕನಿಗೆ ಹೊದಿಸಿದಳು.

ಮೂರನೆಯ ದಿನ ಬಂದವನು ಕಂಬಳಿಗಳ ದಾನಿ, ಲಾಡ್ಜಿನ ಧಣಿ. ಹನ್ನೆರಡೂ ಕಂಬಳಿ ಹೊದಿಸಲು ಹನ್ನೆರಡು ಮಂದಿ ಮುದುಕರನ್ನು ಸಾಲಾಗಿ ನಿಲ್ಲಿಸಿದ್ದರು. ಹಾಸಿನ ಮೇಲೆ ಒಂದು ಚುಕ್ಕೆ ಉಳಿದರೂ ಅದನ್ನು ಅವಳ ಮುಖಕ್ಕೆ ಎಸೆಯುತ್ತಿದ್ದವನು ಅಂಗಳದಲ್ಲಿ ನಿಂತು ಅವಳಿಗೆ ತನ್ನ ಕೈಯಾರೆ ಕಂಬಳಿ ಹೊದಿಸಿದ. ಕಂಬಳಿಯ ನಡುವೆ 'ಹಿರಿಯರ ಸೇವೆಯಲ್ಲಿ' ಎಂದು ಅಂಗೈಯಗಲದ ಅಕ್ಷರ, ಕೆಳಗೆ ಲಾಡ್ಜಿನ ಹೆಸರು. ಮೂಲೆಯಲ್ಲಿ ಕೆಂಪು ದಾರ.

"ಇವಳು ನಮ್ಮನೆಯವಳೇ," ಎಂದು ಧಣಿ ಕ್ಯಾಮೆರಾಕ್ಕೆ ಹಲ್ಲು ಕಿರಿದ.

"ಫೋಟೋ ಆಯ್ತಾ ಧಣಿ?"

"ಆಯ್ತಮ್ಮ."

ಸೋಪಜ್ಜಿ ಸೀದಾ ಅಂಗಳದ ಮೂಲೆಯ ಜನರೇಟರಿನ ಹತ್ತಿರ ನಡೆದಳು. ಅದರಡಿ ಸುಟ್ಟ ಆಯಿಲ್ ತೊಟ್ಟಿಕ್ಕುವ ಡಬ್ಬಿಯಿತ್ತು. ಅಕ್ಷರದ ಮಗ್ಗುಲು ಮೇಲೆ ಬರುವಂತೆ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ, ಕಪ್ಪು ಎಣ್ಣೆಯಲ್ಲಿ ಅಂಗೈ ಅದ್ದಿ, ಅಕ್ಷರಗಳ ಮೇಲೆ ಎಳೆದಳು. ಎಷ್ಟು ಸವರಿದರೆ ಒಳಮಗ್ಗುಲಿಗೆ ಇಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಳಮಗ್ಗುಲು ಅಕ್ಕನಿಗೆ ಬೇಕಿತ್ತು.

"ಏಯ್ ಮುಂಡೆ! ಏನ್ಮಾಡ್ತಿದೀಯೇ?" ಧಣಿ ಕೂಗಿದ.

"ಕಲೆ ಹಾಕ್ತಿದೀನಿ ಧಣಿ. ಮೂವತ್ತು ವರ್ಷ ನಿಮ್ದು ತೆಗ್ದೆ, ಇವತ್ತೊಂದು ಹಾಕ್ತೀನಿ. ಇದು ನಿಮ್ಮಪ್ಪ ಬಂದು ಉಜ್ಜಿದ್ರೂ ಹೋಗಲ್ಲ. ಇನ್ನು ಯಾರಿಗೆ ಹೊದಿಸಿ ಪಟ ಹಿಡೀತೀರೋ ಹಿಡೀರಿ."

ಕಿತ್ತುಕೊಳ್ಳಲು ಪಟ್ಟಿ ಸಾಹೇಬ ಕೈ ಚಾಚಿದ. ಎಣ್ಣೆ ಸೋರುವ ಅವಳ ಅಂಗೈ ನೋಡಿದ, ತನ್ನ ಬಿಳಿ ಅಂಗಿ ನೋಡಿಕೊಂಡ, ಚಾಚಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಷ್ಟರಲ್ಲಿ ಬುಟ್ಟಿ ತಾತ ತನಗೆ ಹೊದಿಸಿದ್ದನ್ನು ಕಂಕುಳಲ್ಲಿ ಅವುಚಿಕೊಂಡು ಡಬ್ಬಿಯ ಮುಂದೆ ಬಂದು ಕುಕ್ಕರಿಸಿದ. ಅವನ ಹಿಂದೆ ಉಳಿದ ಹತ್ತೂ ಮಂದಿ ತಮ್ಮ ತಮ್ಮ ಕಂಬಳಿ ಹೊತ್ತು ಕೋಲೂರಿಕೊಂಡು ಸಾಲು ನಿಂತರು.

ಸೋಪಜ್ಜಿ ಇಪ್ಪತ್ತಾರು ಮೆಟ್ಟಿಲನ್ನೂ ಏದುಸಿರು ಬಿಡುತ್ತ ಹತ್ತಿದಳು. ಹೊದಿಸಿದ ಕಂಬಳಿಯ ಮೇಲೆ ಅಕ್ಕ ಸ್ವಾಧೀನವಿದ್ದ ಕೈ ಆಡಿಸಿ, ಮೂಗಿನ ಹತ್ತಿರ ತಂದು ನೋಡಿದಳು.

"ಕಲೆ ಆಗಿದೆಯಲ್ಲೇ. ಸೀಮೆಎಣ್ಣೆ ಹಾಕಿ ಉಜ್ಜು, ಬಿಡುತ್ತೆ."

"ಗೊತ್ತು ಅಕ್ಕ. ಉಜ್ಜಲ್ಲ."