ಕೊಯ್ಯದೆ ಬಿಟ್ಟ ಒಂದು ಹಿಡಿ

ನಮ್ಮಕ್ಕ ಗರುಫಾಲ್ಯಾಳದು ದೊಡ್ಡ ಬಾಯಿ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ! ಆವತ್ತು ಆ ಬಾಯಿ ಇಲ್ಲದಿದ್ದರೆ ಊರೇ ಉಳಿಯುತ್ತಿರಲಿಲ್ಲ.

ಗ್ರೀಕರು ಸುಲ್ತಾನನ ಮೇಲೆ ತಿರುಗಿಬಿದ್ದ ಕಾಲ. ನಮ್ಮ ಮಾನಿ ಸೀಮೆಯ ಗಂಡಸರೆಲ್ಲ ಅವನ ಪಡೆಯನ್ನು ತಡೆಯಲು ಉತ್ತರದ ಗಡಿಗೋಡೆಗೆ ಹೋಗಿದ್ದರು. ಜವೆಗೋಧಿ ಕೊಯ್ಲಿಗೆ ಉಳಿದವರು ಹೆಂಗಸರೇ. ಬದುವಿನ ಈಚೆ ನಾವು, ಆಚೆ ಸ್ತವ್ರುಲಾಳ ಮನೆಯವರು. ಮಾತಿಲ್ಲ ಕತೆಯಿಲ್ಲ. ನಮ್ಮ ಭಾವ ಅವಳ ಕಿರಿಮಗನನ್ನು ಕೊಂದಿದ್ದ. ಭಾವ ತೀರಿಕೊಂಡ ಮೇಲೆ ಆ ಸೇಡು ಅಕ್ಕನ ಒಬ್ಬನೇ ಮಗ ಲಿಯಾಕೋಸನ ತಲೆಗೆ ಬಂದಿತ್ತು. ತಮ್ಮ ಹೊಲದ ಕೊಯ್ಲು ಮುಗಿಯುವವರೆಗೆ ಯಾರೂ ಸೇಡಿಗೆ ಬಂದೂಕು ಎತ್ತುವಂತಿಲ್ಲ, ಅದು ನಮ್ಮ ಕಟ್ಟುಪಾಡು. ಅವಳ ಹೊಲದ ಕೊನೆಯ ತೆನೆ ಬಿತ್ತೋ, ನಮ್ಮ ಹುಡುಗನ ಕತೆ ಮುಗಿಯಿತು. ಅವಳ ಕುಡುಗೋಲು ಸರ್ ಅಂದಾಗಲೆಲ್ಲ ಇನ್ನೆಷ್ಟು ತೆನೆ ಉಳಿದಿದೆ ಅಂತ ನಾನು ತಿರುಗಿ ನೋಡುತ್ತಿದ್ದೆ.

ಅಷ್ಟರಲ್ಲಿ ಕೊಲ್ಲಿಯಲ್ಲಿ ಹಡಗುಗಳು! ಸುಲ್ತಾನನ ಸಿಪಾಯಿಗಳು ದೋಣಿಯಿಂದ ದಬದಬ ಇಳಿಯುತ್ತಿದ್ದರು. ನಮ್ಮ ಗಂಡಸರ ಬೆನ್ನಿಗೆ ಬೀಳುವ ಹುನ್ನಾರ.

ಅಕ್ಕ ಬದು ಹಾರಿದಳು. ಅದೂ ಹಗೆಯವರ ಹೊಲಕ್ಕೆ!

"ಲೇ ಸ್ತವ್ರುಲಾ, ಏನೇ ಗರ ಬಡಿದೋಳ ಹಾಗೆ ನಿಂತಿದೀಯ? ನಿನ್ನ ಮನೆಯೋರನ್ನ ಹೊರಡಿಸು!"

"ನನ್ನ ಹೊಲಕ್ಕೆ ಕಾಲಿಡ್ತೀಯಾ? ನಿನ್ನ ಮಗನ್ನ ನುಂಗಿ ನೀರು ಕುಡೀತೀನಿ, ನೋಡ್ತಿರು."

"ಕುಡಿಯುವೆಯಂತೆ! ಮೊದಲು ಅವರನ್ನ ನುಂಗು. ಅವರು ಗೆದ್ರೆ ನಿನ್ನ ಸೇಡೂ ಇಲ್ಲ, ನನ್ನ ಮಗನೂ ಇಲ್ಲ. ನಾವಿಬ್ಬರೂ ಗುಲಾಮರ ಸಂತೇಲಿ ಮಾರಾಟಕ್ಕೆ!"

ಸ್ತವ್ರುಲಾ ಥೂ ಅಂತ ಉಗುಳಿದಳು. ಕುಡುಗೋಲನ್ನು ಲಂಗಕ್ಕೆ ಒರೆಸಿ, "ನಡಿ" ಅಂದಳು.

ಅಬ್ಬಬ್ಬಾ, ಆ ಇಳಿಜಾರಿನಲ್ಲಿ ನಾವು ಓಡಿದ್ದು! ಕಲ್ಲು ತೂರಿದೆವು, ಕುಡುಗೋಲು ಬೀಸಿದೆವು. ಹೆಂಗಸರು ಅಂತ ಹಲ್ಲು ಕಿರಿದವರ ನಗು ಅಲ್ಲೇ ಇಂಗಿಹೋಯಿತು. ಒಬ್ಬ ಅಕ್ಕನ ಜಡೆ ಹಿಡಿದು ಕೆಡವಿ ಕತ್ತಿ ಎತ್ತಿದ. ಆ ಕೈಯನ್ನು ಕೊಯ್ದವಳು ಸ್ತವ್ರುಲಾ!

"ಏಳೇ ಬಾಯಿಬಡಕಿ, ಮಲಗೋಕೆ ಬಂದ್ಯಾ?"

ಖುಷಿಗೆ ನಾನು ಕೂಗಿಕೊಂಡೆ. ಸಂಜೆ ಹೊತ್ತಿಗೆ ಅಳಿದುಳಿದವರು ಈಜಿ ಹಡಗು ಹತ್ತಿದರು.

ಮಾರನೆಯ ದಿನ ಮತ್ತೆ ಕೊಯ್ಲು. ಮಧ್ಯಾಹ್ನಕ್ಕೆ ಸ್ತವ್ರುಲಾ ಕೊನೆಯ ಮೂಲೆಗೆ ಬಂದಳು. ಒಂದು ಹಿಡಿ ತೆನೆ ನಿಂತಿತ್ತು. ಅಕ್ಕ ತನ್ನ ಕುಡುಗೋಲು ಕೆಳಗಿಟ್ಟು ಬದುವಿನ ಹತ್ತಿರ ಬಂದು ನಿಂತಳು. ಸ್ತವ್ರುಲಾ ಆ ತೆನೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ಬಿಟ್ಟು, ಕುಡುಗೋಲನ್ನು ಹೆಗಲಿಗೇರಿಸಿದಳು.

"ಅಮ್ಮಾ, ಅಷ್ಟು ಉಳೀತಲ್ಲ" ಅಂದಳು ಅವಳ ಮಗಳು.

"ಕಣ್ಣಿದೆ ಕಣೇ ನನಗೆ. ನನ್ನ ಕೊಯ್ಲು ಇನ್ನೂ ಮುಗಿದಿಲ್ಲ."

ಆ ತೆನೆಯನ್ನು ಹಕ್ಕಿಗಳು ತಿಂದವು. ಮುಂದಿನ ವರ್ಷವೂ ಒಂದು ಹಿಡಿ ಬಿಟ್ಟಳು, ಅದರ ಮುಂದಿನ ವರ್ಷವೂ ಬಿಟ್ಟಳು. ನಮ್ಮ ಲಿಯಾಕೋಸನಿಗೆ ಈಗ ಮೊಮ್ಮಕ್ಕಳು.